ಕಾಪಿ ಆಯ್ತು ಅಂದರೂ ಅರ್ಧ ಹಳೇ ಫೋನಿನಲ್ಲೇ: ಒಂದು ಫೋನ್ ಬದಲಾವಣೆಯ ಪ್ರಕರಣ ಅಧ್ಯಯನ

ನಮ್ಮ ಸೋದರತ್ತೆ ಮನೆಯಲ್ಲೇ ಟೈಲರಿಂಗ್ ಮಾಡುತ್ತಾರೆ. ಮೊದಲೆಲ್ಲ ಅಳತೆ ಬರೆಯೋಕೆ ಒಂದು ನೋಟ್‌ಬುಕ್ ಇತ್ತು. ಅದನ್ನು ಬಿಟ್ಟು ವರ್ಷಗಳಾದವು. ಈಗ ಎಲ್ಲಾ ಫೋನಿನಲ್ಲೇ. ಗಿರಾಕಿಗಳು ಡಿಸೈನ್ ಫೋಟೋ ವಾಟ್ಸಾಪ್‌ಗೆ ಕಳಿಸುತ್ತಾರೆ. "ತೋಳು ಸ್ವಲ್ಪ ಸಡಿಲ ಇರಲಿ" ಅಂತ ವಾಯ್ಸ್ ಮೆಸೇಜ್ ಹಾಕುತ್ತಾರೆ. ಅತ್ತೆ ಅಳತೆಯನ್ನು ಫೋನಿನ ನೋಟ್ಸ್ ಆಪ್‌ನಲ್ಲಿ ಬರೆದಿಡುತ್ತಾರೆ. ಫೋನ್ ಹೋದರೆ ಅಂಗಡಿ ಹೋದ ಹಾಗೆ.

ಹಳೇ ಫೋನ್ ಆಂಡ್ರಾಯ್ಡ್ 8ರದ್ದು. ಚಾರ್ಜ್ ನಿಲ್ಲುತ್ತಿರಲಿಲ್ಲ, ಜಾಗ ಸಾಲುತ್ತಿರಲಿಲ್ಲ, 32 ಜಿಬಿ ಮೆಮೊರಿ ಕಾರ್ಡ್ ಹಾಕಿ ಹೇಗೋ ಓಡಿಸುತ್ತಿದ್ದರು. ಮಗ ಬೇರೆ ಕಂಪನಿಯ ಹೊಸ ಆಂಡ್ರಾಯ್ಡ್ ಫೋನ್ ತಂದುಕೊಟ್ಟ. ಒಂದು ರಾತ್ರಿ ಕೂತು ಸೆಟಪ್ ಮಾಡಿದ. "ಎಲ್ಲಾ ಕಾಪಿ ಆಗಿದೆ ಅಮ್ಮ" ಅಂದು ಬೆಳಗ್ಗೆ ಕೆಲಸಕ್ಕೆ ಹೋದ.

ಕೆಲವು ದಿನ ಕಳೆದ ಮೇಲೆ ಅತ್ತೆಯ ಫೋನ್ ಬಂತು. "ವಾಟ್ಸಾಪ್‌ನಲ್ಲಿ ಹಳೇದು ಏನೂ ಇಲ್ಲ ಕಣೋ. ಹೆಸರುಗಳೂ ಅರ್ಧಂಬರ್ಧ ಇವೆ. ಯಾರು ಯಾರು ಅಂತಾನೇ ಗೊತ್ತಾಗ್ತಿಲ್ಲ."

ನಾನು ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಅತ್ತೆ, ಹಳೇ ಫೋನ್ ಎಲ್ಲಿದೆ? ಅದನ್ನ ರೀಸೆಟ್ ಮಾಡಿಸಿಲ್ಲ ತಾನೇ?"

"ಡ್ರಾನಲ್ಲಿ ಬಿದ್ದಿದೆ. ಭಾನುವಾರ ಎಲ್ಲಾ ಅಳಿಸಿ ಯಾರಿಗಾದರೂ ಕೊಡೋಣ ಅಂದಿದ್ದಾನೆ."

ಅಳಿಸಬೇಡಿ, ಆನ್ ಕೂಡ ಮಾಡಬೇಡಿ, ನಾನು ಬರ್ತೀನಿ ಅಂದೆ. ಆನ್ ಮಾಡಬೇಡಿ ಅಂದಿದ್ದಕ್ಕೆ ಕಾರಣ ಇದೆ, ಮುಂದೆ ಹೇಳುತ್ತೇನೆ.

ಆ ರಾತ್ರಿ ನಡೆದದ್ದು

ಮಗನನ್ನು ಕೂರಿಸಿಕೊಂಡು ಒಂದೊಂದೇ ಹೆಜ್ಜೆ ಕೇಳಿದೆ. ಬೈಯೋಕಲ್ಲ. ಯಾವ ಡೇಟಾ ಎಲ್ಲಿ ನಿಂತಿದೆ ಅಂತ ಗೊತ್ತಾಗಬೇಕಾದರೆ ಏನೇನು ಒತ್ತಿದ ಅಂತ ಗೊತ್ತಾಗಬೇಕು.

ಹೊಸ ಫೋನ್ ಮೊದಲ ಸಲ ಆನ್ ಮಾಡಿದಾಗ ಅದು ಹಳೇ ಫೋನಿನಿಂದ ಡೇಟಾ ತರಲಾ ಅಂತ ಕೇಳುತ್ತದೆ. ಕೇಬಲ್ ಹಾಕಿ ಎರಡೂ ಫೋನ್ ಜೋಡಿಸಿದರೆ ಕಾಂಟ್ಯಾಕ್ಟ್, ಎಸ್‌ಎಂಎಸ್, ಫೋಟೋ, ಆಪ್‌ಗಳ ಪಟ್ಟಿ ಎಲ್ಲಾ ಒಂದೇ ಸಲಕ್ಕೆ ಬರುತ್ತವೆ. ಹಳೇ ಫೋನಿನ ಚಾರ್ಜ್ ಪದೇ ಪದೇ ಹೋಗುತ್ತಿತ್ತು ಅಂತ ಅವನು ಅದನ್ನು ಬಿಟ್ಟು ಮುಂದೆ ಹೋದ. ಆಮೇಲೆ ಗೂಗಲ್ ಅಕೌಂಟ್ ಕೇಳಿತು. ಅತ್ತೆಯ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಸರಿ, ಹೊಸ ಅಕೌಂಟ್ ಮಾಡಿದ. ಹಳೇ ಫೋನನ್ನು ಕಂಪ್ಯೂಟರಿಗೆ ಹಾಕಿ, ಕ್ಯಾಮೆರಾ ಫೋಟೋಗಳಿರುವ ಡಿಸಿಐಎಂ ಫೋಲ್ಡರ್ ಕಾಪಿ ಮಾಡಿ, ಹೊಸ ಫೋನಿಗೆ ಹಾಕಿದ. ನಂತರ ಹಳೇ ಫೋನ್ ಆಫ್ ಮಾಡಿ ಸಿಮ್ಮು, ಮೆಮೊರಿ ಕಾರ್ಡು ಎರಡನ್ನೂ ಹೊಸದಕ್ಕೆ ಹಾಕಿದ. ಕಾರ್ಡ್ ಹಾಕಿದ ತಕ್ಷಣ "ಈ ಕಾರ್ಡ್ ಬಳಸಲು ಫಾರ್ಮ್ಯಾಟ್ ಮಾಡಿ" ಅಂತ ಬಂತು. ಕಾರ್ಡ್ ಕೆಟ್ಟಿದೆ ಅಂದುಕೊಂಡು ತೆಗೆದು ಪಕ್ಕಕ್ಕಿಟ್ಟ. ಕೊನೆಗೆ ವಾಟ್ಸಾಪ್ ಹಾಕಿ, ಒಟಿಪಿ ಕೊಟ್ಟ. ಬ್ಯಾಕಪ್ ಸಿಗಲಿಲ್ಲ ಅಂತು. ಸ್ಕಿಪ್ ಒತ್ತಿದ.

ಅವನು ಫಾರ್ಮ್ಯಾಟ್ ಒತ್ತದೆ ಕಾರ್ಡ್ ತೆಗೆದಿಟ್ಟದ್ದು ದೊಡ್ಡ ಪುಣ್ಯ.

ಇದರಲ್ಲಿ ಅವನ ತಪ್ಪು ಅಂತ ಹೇಳೋದು ಕಷ್ಟ. ಪ್ರತಿ ಹೆಜ್ಜೆಯಲ್ಲೂ ಫೋನ್ ಕೇಳಿದ ಪ್ರಶ್ನೆಗೆ ಆ ಹೊತ್ತಿಗೆ ಸರಿ ಅನ್ನಿಸುವ ಉತ್ತರವನ್ನೇ ಕೊಟ್ಟಿದ್ದಾನೆ. ತೊಂದರೆ ಬೇರೆ. ಫೋನಿನಲ್ಲಿರುವುದೆಲ್ಲಾ ಒಂದೇ ಕಡೆ ಇರುತ್ತೆ, ಅದನ್ನು ಎತ್ತಿ ಇಲ್ಲಿಟ್ಟರೆ ಆಯ್ತು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಅತ್ತೆಯ ಡೇಟಾ ಆ ರಾತ್ರಿ ಆರೇಳು ಜಾಗದಲ್ಲಿ ಹಂಚಿಹೋಗಿತ್ತು: ಫೋನಿನ ಒಳಗೆ, ಮೆಮೊರಿ ಕಾರ್ಡಿನಲ್ಲಿ, ಸಿಮ್ಮಿನಲ್ಲಿ, ಹಳೇ ಗೂಗಲ್ ಅಕೌಂಟಿನಲ್ಲಿ, ವಾಟ್ಸಾಪ್‌ನ ಸ್ವಂತ ಡೇಟಾಬೇಸಿನಲ್ಲಿ, ನೋಟ್ಸ್ ಆಪ್‌ನ ಹೊಟ್ಟೆಯಲ್ಲಿ. ಒಂದೊಂದಕ್ಕೂ ಬೇರೆ ಬೇರೆ ಬಾಗಿಲು.

ಕೆಟ್ಟಿದೆ ಅಂದುಕೊಂಡ ಕಾರ್ಡು

ಕಾರ್ಡಿನಿಂದಲೇ ಶುರು ಮಾಡಿದೆ. ಯಾಕೆಂದರೆ ಹಳೇ ಫೋನಿನಲ್ಲಿ ಜಾಗ ಸಾಲದೆ ಕಾರ್ಡ್ ಹಾಕಿದ್ದರು ಅಂದಾಗಲೇ ಒಂದು ಅನುಮಾನ ಬಂದಿತ್ತು.

2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಮೆಮೊರಿ ಕಾರ್ಡನ್ನು ಎರಡು ರೀತಿ ಬಳಸಬಹುದು. ಒಂದು, ಪೋರ್ಟಬಲ್: ಪೆನ್ ಡ್ರೈವ್ ತರಹ, ಎಲ್ಲಿ ಹಾಕಿದರೂ ಓದಬಹುದು. ಇನ್ನೊಂದು, ಫೋನಿನ ಇಂಟರ್ನಲ್ ಸ್ಟೋರೇಜ್‌ನ ಭಾಗವಾಗಿ ಸೇರಿಸಿಬಿಡುವುದು. ಎರಡನೆಯದನ್ನು ಆರಿಸಿದರೆ ಆಂಡ್ರಾಯ್ಡ್ ಆ ಕಾರ್ಡನ್ನು ಎನ್‌ಕ್ರಿಪ್ಟ್ ಮಾಡುತ್ತದೆ, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಬದಲಿಸುತ್ತದೆ. ಕೀಲಿ ಆ ಫೋನಿನೊಳಗೇ ಇರುತ್ತದೆ. ಬೇರೆ ಫೋನಿಗೋ ಕಂಪ್ಯೂಟರಿಗೋ ಹಾಕಿದರೆ ಒಂದಕ್ಷರವೂ ಓದೋಕಾಗಲ್ಲ. ಅವು ಅದನ್ನು ಗುರುತೇ ಹಿಡಿಯದೆ ಖಾಲಿ ಕಾರ್ಡೋ ಕೆಟ್ಟ ಕಾರ್ಡೋ ಅಂದುಕೊಂಡು ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತವೆ.

ಇನ್ನೂ ಒಂದು ತಿರುವು ಇದೆ. ಹೀಗೆ ಸೇರಿಸುವಾಗ "ಡೇಟಾವನ್ನು ಕಾರ್ಡಿಗೆ ಸಾಗಿಸಲಾ" ಅಂತ ಕೇಳುತ್ತದೆ. ಹೂಂ ಅಂದರೆ ಫೋಟೋ, ಡೌನ್‌ಲೋಡ್, ವಾಟ್ಸಾಪ್ ಫೋಲ್ಡರ್ ಎಲ್ಲಾ ಕಾರ್ಡಿನ ಮೇಲೆ ಹೋಗಿ ಕೂರುತ್ತವೆ. ಆಮೇಲೆ ಕಾರ್ಡ್ ತೆಗೆದರೆ ಫೋನೂ ಖಾಲಿ, ಬೇರೆ ಕಡೆ ಹಾಕಿದರೆ ಕಾರ್ಡೂ ಖಾಲಿ. ಎರಡೂ ಸೇರಿದರೆ ಮಾತ್ರ ಡೇಟಾ.

ಅತ್ತೆಯ ಮನೆಯಲ್ಲಿ ಆಗಿದ್ದು ಇದೇ. ಹಾಗಾಗಿ ಮೊದಲ ಕೆಲಸ, ಕಾರ್ಡನ್ನು ಹಳೇ ಫೋನಿನ ಅದೇ ಜಾಗಕ್ಕೆ ವಾಪಸ್ ಹಾಕುವುದು, ಫೋನ್ ಆಫ್ ಇರುವಾಗಲೇ.

ಇಂಟರ್ನೆಟ್ ಇಲ್ಲದೆ ಆನ್ ಮಾಡಿದ್ದು

ವಾಟ್ಸಾಪ್‌ನಲ್ಲಿ ಒಂದು ನಂಬರಿಗೆ ಒಂದೇ ಮುಖ್ಯ ಫೋನ್. ಹೊಸ ಫೋನಿನಲ್ಲಿ ಒಟಿಪಿ ಕೊಟ್ಟ ಕ್ಷಣ ಹಳೆಯದು ಲಾಗೌಟ್ ಆದ ಹಾಗೆ. ಆದರೆ ಈ ಸುದ್ದಿ ಹಳೇ ಫೋನಿಗೆ ತಲುಪೋದು ಅದು ಇಂಟರ್ನೆಟ್‌ಗೆ ಬಂದಾಗ. ಇಲ್ಲಿ ಹೊಸದರಲ್ಲಿ ಲಾಗಿನ್ ಮಾಡುವಾಗ ಹಳೇ ಫೋನ್ ಆಫ್ ಆಗಿತ್ತು. ಅಂದರೆ ತಾನು ಲಾಗೌಟ್ ಆಗಿದ್ದೇನೆ ಅಂತ ಅದಕ್ಕೆ ಇನ್ನೂ ಗೊತ್ತಿರಲಿಲ್ಲ. ನೆಟ್ ಸಿಗದ ಹಾಗೆ ಆನ್ ಮಾಡಿದರೆ ಚಾಟ್‌ಗಳನ್ನು ತೆರೆದು ನೋಡಬಹುದು, ಮುಖ್ಯವಾಗಿ ಹೊಸದಾಗಿ ಬ್ಯಾಕಪ್ ತೆಗೆಯಬಹುದು.

ಸಿಮ್ ಅದರಲ್ಲಿ ಇರಲಿಲ್ಲ, ಸರಿ. ಆದರೆ ಮನೆಯ ವೈಫೈ ಅದಕ್ಕೆ ಗೊತ್ತು, ಆನ್ ಆದ ಕೂಡಲೇ ಹಿಡಿದುಬಿಡುತ್ತದೆ. ಅದಕ್ಕೇ ಮೊದಲು ರೂಟರ್ ಸ್ವಿಚ್ ಆಫ್ ಮಾಡಿದೆ. ಫೋನನ್ನು ಚಾರ್ಜರಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದೆ. ಏರೋಪ್ಲೇನ್ ಮೋಡ್ ಹಾಕಿದೆ. ಗ್ಯಾಲರಿ ತೆರೆದರೆ ಎಲ್ಲಾ ಫೋಟೋ ಇದ್ದವು. ವಾಟ್ಸಾಪ್ ತೆರೆದರೆ ಹಳೇ ಚಾಟ್ ಪೂರ್ತಿ ಇತ್ತು. ಅತ್ತೆ ಪಕ್ಕದಲ್ಲೇ ನಿಂತು "ಅಯ್ಯೋ, ಇಲ್ಲೇ ಇದೆಯಲ್ಲೋ!" ಅಂದರು.

ಒಂದು ವೇಳೆ ಅದು ಲಾಗೌಟ್ ಆಗಿಬಿಟ್ಟಿದ್ದರೂ ಎಲ್ಲಾ ಮುಗಿಯುತ್ತಿರಲಿಲ್ಲ. ಸಿಮ್ ವಾಪಸ್ ಹಾಕಿ ಅದೇ ನಂಬರಿನಲ್ಲಿ ಮತ್ತೆ ವೆರಿಫೈ ಮಾಡಿದರೆ ಒಳಗಿನ ಚಾಟ್ ಸಾಮಾನ್ಯವಾಗಿ ಹಾಗೇ ಸಿಗುತ್ತದೆ. ಆದರೆ ಒಟಿಪಿಯನ್ನು ಮೇಲಿಂದ ಮೇಲೆ ಕೇಳಿದರೆ ವಾಟ್ಸಾಪ್ ಗಂಟೆಗಟ್ಟಲೆ ಕಾಯಿಸುತ್ತದೆ. ಅದೊಂದು ತಲೆನೋವು ಬೇಡ ಅನ್ನಿಸಿತು.

ವಾಟ್ಸಾಪ್: ಮೂರು ದಾರಿ, ಒಂದು ಆಯ್ಕೆ

ಫೋಟೋ ಮತ್ತು ವಾಯ್ಸ್ ಫೈಲ್‌ಗಳನ್ನು ಸುಮ್ನೆ ಕಾಪಿ ಮಾಡಿದರೆ ಸಾಲದಾ? ಮಗ ಇದನ್ನೇ ಕೇಳಿದ. ಸಾಲದು. ಯಾಕೆ ಅಂತ ತೋರಿಸೋಕೆ ವಾಟ್ಸಾಪ್ ಫೋಲ್ಡರಿನ ಒಳಗೆ ವಾಯ್ಸ್ ನೋಟ್ಸ್ ಫೋಲ್ಡರ್ ತೆರೆದೆ. ಒಳಗೆ 202315, 202316 ಅಂತ ಸಾಲಾಗಿ ಫೋಲ್ಡರ್‌ಗಳು. ಮೊದಲ ನಾಲ್ಕು ಅಂಕಿ ವರ್ಷ, ಉಳಿದೆರಡು ವರ್ಷದ ಎಷ್ಟನೇ ವಾರ ಅಂತ. ಅದರೊಳಗೆ ಪಿಟಿಟಿ-20230412-ಡಬ್ಲ್ಯುಎ0005 ಅನ್ನೋ ತರಹದ ಹೆಸರುಗಳು. ತಾರೀಕು ಇದೆ, ಆ ದಿನದ ಎಷ್ಟನೇ ಫೈಲ್ ಅಂತ ಇದೆ. ಕಳಿಸಿದ್ದು ಯಾರು ಅಂತ ಎಲ್ಲೂ ಇಲ್ಲ. ಒಂದನ್ನು ಒತ್ತಿದೆ. "ಅಕ್ಕಾ, ಕತ್ತು ಇನ್ನೊಂದಿಂಚು ಕಡಿಮೆ ಮಾಡಿ" ಅಂತ ಒಂದು ದನಿ. ಯಾವ ಅಕ್ಕನಿಗೆ ಯಾರು ಹೇಳಿದ್ದು, ಯಾವ ಬಟ್ಟೆಯ ಕತ್ತು? ಅತ್ತೆಗೂ ಗೊತ್ತಾಗಲಿಲ್ಲ.

ಯಾವ ಫೈಲ್ ಯಾರದ್ದು, ಯಾವ ಮಾತಿನ ಮಧ್ಯೆ ಬಂತು ಅನ್ನೋದೆಲ್ಲಾ ಇರುವುದು ವಾಟ್ಸಾಪ್‌ನ ಡೇಟಾಬೇಸಿನಲ್ಲಿ. ಅದರ ಬ್ಯಾಕಪ್ಪು ಡೇಟಾಬೇಸಸ್ ಎಂಬ ಫೋಲ್ಡರಿನಲ್ಲಿರುತ್ತದೆ. ಎಂಎಸ್‌ಜಿಸ್ಟೋರ್ ಅಂತ ಶುರುವಾಗಿ, ಡಿಬಿ ಡಾಟ್ ಕ್ರಿಪ್ಟ್14 ಅಂತಲೋ ಕ್ರಿಪ್ಟ್15 ಅಂತಲೋ ಮುಗಿಯುತ್ತದೆ. ಗಿರಾಕಿಯ ಹೆಸರನ್ನೂ ಅವಳ ದನಿಯನ್ನೂ ಒಟ್ಟಿಗೆ ಹಿಡಿದಿಟ್ಟಿರುವುದು ಈ ಒಂದು ಫೈಲು.

ಚಾಟ್ ತರೋಕೆ ಮೂರು ದಾರಿ ಇದ್ದವು.

ಮೊದಲನೆಯದು ಗೂಗಲ್ ಡ್ರೈವ್ ಬ್ಯಾಕಪ್. ಹೊಸ ಫೋನಿನಲ್ಲಿ ಅದು ಸಿಗಲಿಲ್ಲ ಅಂದದ್ದು ನಿಜವೇ. ಬ್ಯಾಕಪ್ ಇದ್ದದ್ದು ಹಳೇ ಅಕೌಂಟಿನಲ್ಲಿ, ಹುಡುಕಿದ್ದು ಹೊಸ ಅಕೌಂಟಿನಲ್ಲಿ. ಆದರೆ ಹಳೇ ಫೋನಿನಲ್ಲಿ ನೋಡಿದರೆ ಕೊನೆಯ ಡ್ರೈವ್ ಬ್ಯಾಕಪ್ ಆಗಿ ತಿಂಗಳುಗಳೇ ಕಳೆದಿದ್ದವು. ಗೂಗಲ್ ಅಕೌಂಟಿಗೆ ಉಚಿತವಾಗಿ ಸಿಗುವುದು 15 ಜಿಬಿ. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. 2021ರ ಜೂನ್ 1ರಿಂದ ಕುಗ್ಗಿಸಿ ಇಟ್ಟ ಫೋಟೋಗಳೂ ಈ ಲೆಕ್ಕಕ್ಕೆ ಬಂದವು. ವಾಟ್ಸಾಪ್ ಬ್ಯಾಕಪ್ ಮೊದಲು ಲೆಕ್ಕಕ್ಕೆ ಬರುತ್ತಿರಲಿಲ್ಲ, 2024ರಲ್ಲಿ ಅದೂ ಸೇರಿತು. ಬಹಳ ಜನರಿಗೆ ಇದು ಗೊತ್ತೇ ಇಲ್ಲ. ಜಾಗ ತುಂಬಿದ ಮೇಲೆ ಬ್ಯಾಕಪ್ ನಿಂತುಹೋಗುತ್ತದೆ. ಫೋನ್ ಒಂದೆರಡು ಸಲ ಎಚ್ಚರಿಸುತ್ತದೆ, ನಾವು ಆ ನೋಟಿಫಿಕೇಶನ್ ಪಕ್ಕಕ್ಕೆ ತಳ್ಳುತ್ತೇವೆ.

ಎರಡನೆಯದು 2023ರಲ್ಲಿ ಬಂದ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ ದಾರಿ. ಸೆಟ್ಟಿಂಗ್ಸ್, ಚಾಟ್ಸ್, ಟ್ರಾನ್ಸ್‌ಫರ್ ಚಾಟ್ಸ್ ಅಂತ ಹೋದರೆ ಎರಡು ಫೋನುಗಳು ವೈಫೈ ಮೂಲಕ ನೇರ ಮಾತಾಡಿಕೊಂಡು ಚಾಟ್, ಫೋಟೋ ಎಲ್ಲಾ ಸಾಗಿಸುತ್ತವೆ. ಡ್ರೈವ್ ಬೇಕಿಲ್ಲ. ಫೋನ್ ಬದಲಿಸುವ ದಿನವೇ ಮಾಡಿದ್ದರೆ ಇದೇ ಎಲ್ಲಕ್ಕಿಂತ ಒಳ್ಳೆಯದು. ಈಗ ಮಾಡಬೇಕೆಂದರೆ ಸಿಮ್ ಹಳೇ ಫೋನಿಗೆ ಹಾಕಿ ಲಾಗಿನ್, ಮತ್ತೆ ಹೊಸದಕ್ಕೆ ಹಾಕಿ ಲಾಗಿನ್. ಚಾರ್ಜ್ ನಿಲ್ಲದ ಫೋನಿನ ಜೊತೆ ಅಷ್ಟು ಆಟ ಆಡೋಕೆ ಧೈರ್ಯ ಬರಲಿಲ್ಲ.

ಮೂರನೆಯದು ಫೋನಿನೊಳಗಿನ ಲೋಕಲ್ ಬ್ಯಾಕಪ್. ಡ್ರೈವ್ ಇರಲಿ ಬಿಡಲಿ, ವಾಟ್ಸಾಪ್ ದಿನಾ ಬೆಳಗಿನ ಜಾವ ಎರಡು ಗಂಟೆಗೆ ಒಂದು ಪ್ರತಿ ಬರೆದಿಡುತ್ತದೆ. ಕೊನೆಯ ಏಳು ದಿನದ ಪ್ರತಿಗಳವರೆಗೆ ಇಟ್ಟುಕೊಳ್ಳುತ್ತದೆ. ಹಳೆಯವುಗಳ ಹೆಸರಿನಲ್ಲಿ ತಾರೀಕು ಇರುತ್ತದೆ, ಇತ್ತೀಚಿನದಕ್ಕೆ ಇರುವುದಿಲ್ಲ. ಹಳೇ ದಿನದ್ದು ಬೇಕಾದರೆ ತಾರೀಕಿನ ಭಾಗ ತೆಗೆದು ಹೆಸರು ಬದಲಿಸಬೇಕು. ಕೊನೆಯ ಕ್ರಿಪ್ಟ್ ಅಂಕಿಯನ್ನು ಮಾತ್ರ ಮುಟ್ಟಬಾರದು.

ನಾನು ಹಿಡಿದದ್ದು ಈ ಮೂರನೆಯ ದಾರಿ. ಇದಕ್ಕೆ ಎರಡು ಷರತ್ತು. ನಂಬರ್ ಅದೇ ಇರಬೇಕು, ಯಾಕೆಂದರೆ ಈ ಫೈಲನ್ನು ಬಿಚ್ಚುವ ಕೀಲಿ ಆ ನಂಬರಿನ ವೆರಿಫಿಕೇಶನ್ ಆದಮೇಲೆ ಸಿಗುತ್ತದೆ. ಮತ್ತೆ, 2021ರಲ್ಲಿ ಬಂದ ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್ ಆನ್ ಮಾಡಿದ್ದರೆ ಆಗ ಇಟ್ಟ ಪಾಸ್‌ವರ್ಡೋ 64 ಅಂಕಿಯ ಕೀಲಿಯೋ ಬೇಕು. ಅದು ಕಳೆದರೆ ಫೈಲ್ ಇದ್ದೂ ಇಲ್ಲದ ಹಾಗೆ. ಅತ್ತೆಯದು ಆನ್ ಇರಲಿಲ್ಲ. ಸುರಕ್ಷತೆ ದೃಷ್ಟಿಯಿಂದ ಆನ್ ಮಾಡೋದು ಒಳ್ಳೆಯದೇ, ಆದರೆ ಕೀಲಿಯನ್ನು ಫೋನಿನ ಹೊರಗೆ ಎಲ್ಲಾದರೂ ಬರೆದಿಡದೆ ಆನ್ ಮಾಡುವುದು ನನಗಂತೂ ಸರಿ ಅನ್ನಿಸಲ್ಲ.

ಹಳೇ ಫೋನಿನಲ್ಲಿ ಚಾಟ್ ಬ್ಯಾಕಪ್‌ಗೆ ಹೋಗಿ ಬ್ಯಾಕಪ್ ಒತ್ತಿದೆ. ನೆಟ್ ಇಲ್ಲದ್ದರಿಂದ ಡ್ರೈವ್‌ಗೆ ಹೋಗಲಿಲ್ಲ, ಫೋನಿನೊಳಗೆ ಹೊಸ ಪ್ರತಿ ಬಂತು. ನಂತರ ಕಂಪ್ಯೂಟರಿಗೆ ಕೇಬಲ್ ಹಾಕಿ ಇಡೀ ವಾಟ್ಸಾಪ್ ಫೋಲ್ಡರ್ ಕಾಪಿಗೆ ಹಾಕಿದೆ. ಸಾವಿರಾರು ಪುಟ್ಟ ಪುಟ್ಟ ಫೈಲ್‌ಗಳು. ಒಂದು ದೊಡ್ಡ ಸಿನಿಮಾ ಫೈಲಿಗಿಂತ ಇವು ಹೋಗೋದು ತುಂಬಾ ನಿಧಾನ, ಯಾಕೆಂದರೆ ಕೇಬಲ್ ಮೂಲಕ ಫೈಲ್ ಸಾಗಿಸೋಕೆ ಆಂಡ್ರಾಯ್ಡ್ ಬಳಸುವ ಎಂಟಿಪಿ ವಿಧಾನದಲ್ಲಿ ಒಂದೊಂದು ಫೈಲಿಗೂ ಫೋನಿನ ಜೊತೆ ಬೇರೆ ಬೇರೆ ಮಾತುಕತೆ ನಡೆಯಬೇಕು. ಮಧ್ಯೆ ಒಮ್ಮೆ ಕೇಬಲ್ ಅಲ್ಲಾಡಿ ನಿಂತುಹೋಯಿತು. ಕಾಪಿ ಮುಗಿದ ಮೇಲೆ ಎರಡೂ ಕಡೆ ಫೈಲ್‌ಗಳ ಸಂಖ್ಯೆ ಒಂದೇ ಇದೆಯಾ ಅಂತ ನೋಡಿಕೊಂಡೆ.

ಇಷ್ಟಾದರೂ ಹೊಸ ಫೋನಿನ ವಾಟ್ಸಾಪ್ ತಕ್ಷಣ ತೆಗೆಯುವ ಹಾಗಿರಲಿಲ್ಲ. ಅದರಲ್ಲಿ ಆ ನಡುವಿನ ದಿನಗಳ ಮೆಸೇಜುಗಳಿದ್ದವು, ಹೊಸ ಆರ್ಡರ್‌ಗಳೂ ಇದ್ದವು. ಹಳೇ ಬ್ಯಾಕಪ್ ತಂದರೆ ಅದು ಇದ್ದದ್ದರ ಜಾಗಕ್ಕೆ ಬಂದು ಕೂರುತ್ತದೆ. ಎರಡನ್ನೂ ಬೆಸೆಯುವ ವ್ಯವಸ್ಥೆ ವಾಟ್ಸಾಪ್‌ನಲ್ಲಿ ಇಲ್ಲ. ಯಾವುದಾದರೂ ಒಂದನ್ನು ಬಿಡಲೇಬೇಕು. ಅತ್ತೆಗೆ ಇದನ್ನು ಹೇಳಿದಾಗ ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಈ ವಾರದ್ದು ಯಾರು ಏನು ಕೊಟ್ಟಿದ್ದಾರೆ ಅಂತ ನನಗೆ ನೆನಪಿದೆ. ಹಳೇದು ತಂದುಕೊಡು." ಆದರೂ ಮುಖ್ಯವಾದ ಚಾಟ್‌ಗಳನ್ನು ಎಕ್ಸ್‌ಪೋರ್ಟ್ ಚಾಟ್ ಒತ್ತಿ ಫೋಟೋ ಸಮೇತ ಉಳಿಸಿದೆವು. ಅದು ಬರೀ ಓದೋಕೆ ಬರುವ ಟೆಕ್ಸ್ಟ್ ಫೈಲ್, ಮತ್ತೆ ವಾಟ್ಸಾಪ್ ಒಳಗೆ ಹೋಗಲ್ಲ.

ಆಮೇಲಿನದು ಸರಾಗ. ಹೊಸ ಫೋನಿನಿಂದ ವಾಟ್ಸಾಪ್ ತೆಗೆದು ಮತ್ತೆ ಹಾಕಿದೆ, ಆದರೆ ತೆರೆಯಲಿಲ್ಲ. ಆಂಡ್ರಾಯ್ಡ್ 11ರ ನಂತರದ ಫೋನುಗಳಲ್ಲಿ ವಾಟ್ಸಾಪ್ ಫೋಲ್ಡರ್ ಮೊದಲಿನ ಹಾಗೆ ಮೇಲೆಯೇ ಕಾಣಲ್ಲ. ಆಂಡ್ರಾಯ್ಡ್ ಫೋಲ್ಡರ್, ಅದರೊಳಗೆ ಮೀಡಿಯಾ, ಅದರೊಳಗೆ ಕಾಮ್ ಡಾಟ್ ವಾಟ್ಸಾಪ್, ಅದರೊಳಗೆ ಇರಬೇಕು. ಅಲ್ಲಿಗೆ ಇಡೀ ಫೋಲ್ಡರ್ ಹಾಕಿ, ಆಮೇಲೆ ಆಪ್ ತೆರೆದು ಒಟಿಪಿ ಕೊಟ್ಟೆ. ಗೂಗಲ್ ಅಕೌಂಟ್ ಕೇಳಿದಾಗ ಬೇಡ ಅಂದೆ. ಫೋನಿನಲ್ಲೇ ಬ್ಯಾಕಪ್ ಸಿಕ್ಕಿದೆ, ತರಲಾ ಅಂತ ಕೇಳಿತು. ತಂದೆ. ಮೀಡಿಯಾ ಫೋಲ್ಡರ್ ಜೊತೆಗೇ ಇದ್ದದ್ದರಿಂದ ಫೋಟೋ, ವಾಯ್ಸ್ ಎಲ್ಲಾ ಅವರವರ ಚಾಟ್‌ನಲ್ಲೇ ಕಾಣಿಸಿಕೊಂಡವು. ಬರೀ ಡೇಟಾಬೇಸ್ ಹಾಕಿ ಮೀಡಿಯಾ ಬಿಟ್ಟಿದ್ದರೆ ಮಸುಕು ಚಿತ್ರ ಕಾಣುತ್ತಿತ್ತು, ಒತ್ತಿದರೆ ಡೌನ್‌ಲೋಡ್ ಆಗದೆ ಸತಾಯಿಸುತ್ತಿತ್ತು.

ಅರ್ಧ ಹೆಸರುಗಳ ಗುಟ್ಟು

ಹೊಸ ಫೋನಿನಲ್ಲಿ ಕಾಣುತ್ತಿದ್ದ ಹೆಸರುಗಳೆಲ್ಲಾ ಸಿಮ್ಮಿನವು. ಸಿಮ್ ಹಳೇ ಕಾಲದ ವಸ್ತು. ಅದರಲ್ಲಿ ಒಂದು ಹೆಸರಿಗೆ ಸಿಗುವುದು ಕೆಲವೇ ಬೈಟ್ ಜಾಗ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡಕ್ಕೆ ಸಾಮಾನ್ಯವಾಗಿ ಎರಡೆರಡು ಬೇಕು. ಅದೂ ಅಕ್ಷರಕ್ಕಲ್ಲ, ಒಳಗಿನ ಒಂದೊಂದು ಚಿಹ್ನೆಗೆ. ಲಕ್ಷ್ಮಿ ಅಂತ ಬರೆದರೆ ನಮ್ಮ ಕಣ್ಣಿಗೆ ಎರಡಕ್ಷರ. ಕಂಪ್ಯೂಟರ್ ಲೆಕ್ಕದಲ್ಲಿ ಲ, ಕ, ವಿರಾಮ (ಒತ್ತಕ್ಷರ ಸೇರಿಸುವ ಚಿಹ್ನೆ), ಷ, ವಿರಾಮ, ಮ, ಗುಡಿಸು, ಒಟ್ಟು ಏಳು. ಅಲ್ಲಿಗೇ 14 ಬೈಟ್ ಹೋಯಿತು. ಅತ್ತೆ "ಲಕ್ಷ್ಮಿ ಬ್ಯಾಂಕ್ ಹತ್ರ", "ಲಕ್ಷ್ಮಿ ಟೀಚರ್" ಅಂತ ಇಟ್ಟುಕೊಂಡಿದ್ದರು. ಸಿಮ್ಮಿನಲ್ಲಿ ಉಳಿದದ್ದು ಬರೀ ಲಕ್ಷ್ಮಿಯರು, ಸಾಲಾಗಿ.

ಹಳೇ ಫೋನಿನ ಕಾಂಟ್ಯಾಕ್ಟ್ಸ್‌ನಲ್ಲಿ ಪೂರ್ತಿ ಹೆಸರುಗಳಿದ್ದವು. ಅವು ಮೂರು ಕಡೆ ಚದುರಿದ್ದವು: ಕೆಲವು ಗೂಗಲ್ ಅಕೌಂಟಿನಲ್ಲಿ, ಜಾಸ್ತಿ ಫೋನಿನ ಸ್ವಂತ ಮೆಮೊರಿಯಲ್ಲಿ, ಉಳಿದವು ಸಿಮ್ಮಿನಿಂದ ಎಂದೋ ಬಂದ ನಕಲುಗಳು. ಫೋನ್ ಮೆಮೊರಿಯಲ್ಲಿದ್ದವು ಯಾವ ಅಕೌಂಟಿಗೂ ಸೇರಿಲ್ಲ, ಹಾಗಾಗಿ ಪಾಸ್‌ವರ್ಡ್ ನೆನಪಿದ್ದು ಅದೇ ಅಕೌಂಟ್ ಹಾಕಿದ್ದರೂ ಅವು ತಾನಾಗಿ ಬರುತ್ತಿರಲಿಲ್ಲ. ಎಕ್ಸ್‌ಪೋರ್ಟ್ ಒತ್ತಿ ಎಲ್ಲವನ್ನೂ ಒಂದು ವಿಸಿಎಫ್ ಫೈಲ್ (ಕಾಂಟ್ಯಾಕ್ಟ್‌ಗಳ ಪಟ್ಟಿ ಇರುವ ಫೈಲ್) ಮಾಡಿ, ಹೊಸ ಫೋನಿನಲ್ಲಿ ಇಂಪೋರ್ಟ್ ಮಾಡಿದೆ. ಇಂಪೋರ್ಟ್ ಮಾಡುವಾಗ ಎಲ್ಲಿ ಉಳಿಸಲಿ ಅಂತ ಕೇಳುತ್ತದೆ. ಅಲ್ಲಿ ಫೋನ್ ಅಂತ ಒತ್ತಿದರೆ ಮುಂದಿನ ಫೋನ್ ಬದಲಿಸುವಾಗ ಇದೇ ಕಥೆ. ಗೂಗಲ್ ಅಕೌಂಟ್ ಆರಿಸಿದೆ. ಒಂದೇ ಹೆಸರು ಎರಡೆರಡು ಸಲ ಬಂದವನ್ನು ಕಾಂಟ್ಯಾಕ್ಟ್ಸ್ ಆಪ್‌ನಲ್ಲೇ ಮರ್ಜ್ ಮಾಡಿದರೆ ಆಯ್ತು.

ಹಳೇ ಅಕೌಂಟ್, ಬ್ಯಾಂಕ್ ಆಪ್, ಎಸ್‌ಎಂಎಸ್

ಹಳೇ ಗೂಗಲ್ ಅಕೌಂಟನ್ನು ಬಿಟ್ಟುಬಿಡೋಣ ಅಂತ ಮಗನ ವಾದ. ನಾನು ಒಪ್ಪಲಿಲ್ಲ. ಅತ್ತೆಯ ಬ್ಯಾಂಕಿನ ಮೇಲ್ ಬರುವುದು ಅದಕ್ಕೇ, ವರ್ಷಗಳ ಫೋಟೋ ಇರುವುದೂ ಅದರಲ್ಲೇ. ಪಾಸ್‌ವರ್ಡ್ ಮರೆತರೂ ಹಳೇ ಫೋನಿನಲ್ಲಿ ಆ ಅಕೌಂಟ್ ಇನ್ನೂ ಲಾಗಿನ್ ಆಗಿತ್ತಲ್ಲ. ಅದೇ ದೊಡ್ಡ ಆಸ್ತಿ. ವಾಟ್ಸಾಪ್ ಕೆಲಸ ಮುಗಿದ ಮೇಲೆ ವೈಫೈ ಆನ್ ಮಾಡಿ, ಆ ಫೋನಿನ ಗೂಗಲ್ ಸೆಟ್ಟಿಂಗ್ಸ್‌ನಲ್ಲಿ ಪಾಸ್‌ವರ್ಡ್ ಬದಲಿಸಲು ಹೋದೆ. ಮರೆತಿದ್ದೇನೆ ಅಂದಾಗ ಫೋನಿನ ಸ್ಕ್ರೀನ್ ಲಾಕ್ ಹಾಕಿಸಿಕೊಂಡು ಹೊಸ ಪಾಸ್‌ವರ್ಡ್ ಇಡಲು ಬಿಟ್ಟಿತು. ಭಾನುವಾರ ಆ ಫೋನನ್ನು ರೀಸೆಟ್ ಮಾಡಿದ್ದರೆ ಈ ಬಾಗಿಲು ಮುಚ್ಚಿಹೋಗುತ್ತಿತ್ತು. ಅಷ್ಟೇ ಅಲ್ಲ, ಆಂಡ್ರಾಯ್ಡ್ 5.1ರಿಂದ ರೀಸೆಟ್ ಆದ ಫೋನ್ ಮೊದಲಿದ್ದ ಗೂಗಲ್ ಅಕೌಂಟಿನ ಪಾಸ್‌ವರ್ಡ್ ಅಥವಾ ಹಳೇ ಸ್ಕ್ರೀನ್ ಲಾಕ್ ಕೇಳುವ ರಕ್ಷಣೆ ಬಂದಿದೆ. ಗೊತ್ತಿಲ್ಲದ ಪಾಸ್‌ವರ್ಡ್ ಹೊತ್ತ ಫೋನನ್ನು ಪಡೆದವರಿಗೂ ಅದು ಉಪಯೋಗಕ್ಕೆ ಬಾರದೆ ಹೋಗಬಹುದಿತ್ತು.

ಬ್ಯಾಂಕ್ ಆಪ್‌ಗಳನ್ನು ಕಾಪಿ ಮಾಡೋಕೆ ಹೋಗಲೇಬಾರದು. ಅವು ತಮ್ಮ ಕೀಲಿಯನ್ನು ಫೋನಿನ ಹಾರ್ಡ್‌ವೇರ್‌ನಲ್ಲೇ ಇಡುತ್ತವೆ, ಅದು ಅಲ್ಲಿಂದ ಹೊರಗೆ ಬರದ ಹಾಗೆ ಬೇಕಂತಲೇ ಮಾಡಿರುತ್ತಾರೆ. ಹೊಸ ಫೋನಿನಲ್ಲಿ ಆಪ್ ಹಾಕಿ, ಸಿಮ್ ಅದರಲ್ಲೇ ಇಟ್ಟು, ಹೊಸದಾಗಿ ರಿಜಿಸ್ಟರ್ ಮಾಡಿದರೆ ಮುಗಿಯಿತು. ಎಸ್‌ಎಂಎಸ್ ತರುವ ಆಪ್‌ಗಳಿವೆ, ಅತ್ತೆಗೆ ಬೇಡ ಅಂದರು. ಬಿಟ್ಟೆವು.

ತಾರೀಕು ಕಳೆದುಕೊಂಡ ಫೋಟೋಗಳು

ಮಗ ಮೊದಲ ರಾತ್ರಿ ಕಾಪಿ ಮಾಡಿದ ಡಿಸಿಐಎಂನಲ್ಲಿ ಕ್ಯಾಮೆರಾ ಫೋಟೋಗಳು ಮಾತ್ರ ಇದ್ದವು. ಆ ಹೆಸರು ಡಿಜಿಟಲ್ ಕ್ಯಾಮೆರಾಗಳ ಕಾಲದ್ದು, ಕ್ಯಾಮೆರಾ ತೆಗೆದದ್ದಕ್ಕೆ ಮಾತ್ರ. ವಾಟ್ಸಾಪ್‌ಗೆ ಬಂದವು, ಡೌನ್‌ಲೋಡ್ ಮಾಡಿದವು ಬೇರೆ ಫೋಲ್ಡರ್‌ಗಳಲ್ಲಿರುತ್ತವೆ. ಗ್ಯಾಲರಿ ಎಲ್ಲವನ್ನೂ ಒಟ್ಟಿಗೆ ತೋರಿಸುತ್ತೆ ಅಂತ ನಮಗೆ ಇದು ಹೊಳೆಯಲ್ಲ.

ವಾಟ್ಸಾಪ್ ಫೋಟೋಗಳು ಹೊಸ ಫೋನಿಗೆ ಬಂದವು, ಆದರೆ ಗ್ಯಾಲರಿಯಲ್ಲಿ ಎಲ್ಲವೂ ಕಾಪಿ ಮಾಡಿದ ದಿನದ ತಾರೀಕಿನ ಕೆಳಗೆ ಗುಂಪಾಗಿ ಬಿದ್ದವು. ಕ್ಯಾಮೆರಾ ಫೋಟೋಗೆ ಹೀಗಾಗಲ್ಲ, ತೆಗೆದ ತಾರೀಕು ಫೋಟೋದ ಒಳಗೇ ಬರೆದಿರುತ್ತದೆ. ವಾಟ್ಸಾಪ್ ಫೋಟೋ ಕಳಿಸುವಾಗ ಆ ಒಳಬರಹವನ್ನು ತೆಗೆದುಹಾಕುತ್ತದೆ. ಆಗ ಗ್ಯಾಲರಿಗೆ ಸಿಗುವುದು ಫೈಲ್ ಬರೆದ ದಿನ ಮಾತ್ರ, ಕಾಪಿ ಮಾಡಿದರೆ ಅದೂ ಬದಲಾಗಬಹುದು. ಪುಣ್ಯಕ್ಕೆ ಹೆಸರಿನಲ್ಲಿ ತಾರೀಕು ಉಳಿದಿರುತ್ತದೆ: ಐಎಂಜಿ-20210614 ಅಂದರೆ 2021ರ ಜೂನ್ 14. ಎಕ್ಸಿಫ್‌ಟೂಲ್ ಎಂಬ ಉಚಿತ ಸಾಫ್ಟ್‌ವೇರ್ ಹೆಸರಿನಿಂದ ತಾರೀಕನ್ನು ಓದಿ ಫೈಲಿಗೆ ಬರೆಯಬಲ್ಲದು. ಕಂಪ್ಯೂಟರಿನಲ್ಲಿದ್ದ ಪ್ರತಿಯ ಮೇಲೆ ಅದನ್ನು ಓಡಿಸಿದೆ. ಫೋನಿನಲ್ಲಿರುವುದನ್ನು ಮುಟ್ಟಲಿಲ್ಲ. ವಾಟ್ಸಾಪ್ ಒಳಗೆ ಎಲ್ಲಾ ಸರಿಯಾದ ಕ್ರಮದಲ್ಲೇ ಇರುವಾಗ ಗ್ಯಾಲರಿಯ ಕ್ರಮಕ್ಕಾಗಿ ಕೂರುವುದು ವ್ಯರ್ಥ ಅನ್ನಿಸಿತು.

ನೋಟ್ಸ್, ಮತ್ತು ಈಗಿನ ಸ್ಥಿತಿ

ಎಲ್ಲಕ್ಕಿಂತ ಸತಾಯಿಸಿದ್ದು ನೋಟ್ಸ್. ಅಳತೆಗಳೆಲ್ಲಾ ಹಳೇ ಫೋನಿನ ಕಂಪನಿಯವರದ್ದೇ ಆಪ್‌ನಲ್ಲಿ, ಯಾವ ಅಕೌಂಟಿಗೂ ಸಿಂಕ್ ಆಗದೆ ಕೂತಿದ್ದವು. ಹೊಸ ಫೋನ್ ಬೇರೆ ಕಂಪನಿಯದು, ಆ ಆಪ್ ಅದರಲ್ಲಿ ಇಲ್ಲ. ಒಟ್ಟಿಗೆ ಎಕ್ಸ್‌ಪೋರ್ಟ್ ಮಾಡುವ ದಾರಿಯೂ ಇರಲಿಲ್ಲ. ಒಂದೊಂದೇ ನೋಟ್ ತೆರೆದು, ಶೇರ್ ಒತ್ತಿ, ಟೆಕ್ಸ್ಟ್ ಆಗಿ ಕಳಿಸಬೇಕು. ಫೈಲ್ ಮ್ಯಾನೇಜರ್‌ನಲ್ಲಿ ಹುಡುಕಿದರೂ ಸಿಗಲ್ಲ, ಆಪ್‌ನ ಒಳಗಿನ ಜಾಗಕ್ಕೆ ಬೇರೆ ಆಪ್‌ಗಳಿಗೆ ಪ್ರವೇಶ ಇಲ್ಲ. ಅತ್ತೆ ಇದನ್ನು ತಾವೇ ಮಾಡುತ್ತೇನೆ ಅಂದರು. ಹಾಗೆ ಮಾಡುವಾಗ ಈಗ ಬರದ ಗಿರಾಕಿಗಳ ಅಳತೆ ಬಿಟ್ಟು, ಬದಲಾದವರದ್ದು ತಿದ್ದಿ, ಗೂಗಲ್‌ನ ನೋಟ್ಸ್ ಆಪ್ ಆದ ಕೀಪ್‌ಗೆ ಹಾಕುತ್ತಿದ್ದಾರೆ. ಅದು ಹಳೇ ಅಕೌಂಟಿನಲ್ಲೇ ಸಿಂಕ್ ಆಗುತ್ತದೆ. 15 ಜಿಬಿ ತುಂಬಿದ್ದ ಆ ಅಕೌಂಟಿನಿಂದ ದೊಡ್ಡ ವಿಡಿಯೋಗಳನ್ನು ಕಂಪ್ಯೂಟರಿಗೆ ಇಳಿಸಿ ಅಳಿಸಿದ್ದೇವೆ, ವಾಟ್ಸಾಪ್ ಬ್ಯಾಕಪ್ ಮತ್ತೆ ಅದಕ್ಕೇ ಶುರುವಾಗಿದೆ. ಬ್ಯಾಕಪ್‌ನಲ್ಲಿ ವಿಡಿಯೋ ಸೇರಿಸುವುದನ್ನು ಆಫ್ ಮಾಡಿದೆ.

ಬಾರದೇ ಉಳಿದದ್ದೂ ಇದೆ. ಕಾಲ್ ಲಾಗ್ ಬರಲಿಲ್ಲ. ಹಳೇ ಫೋನಿನಲ್ಲೇ ಜಾಗ ಮಾಡಲು ಎಂದೋ ಅಳಿಸಿದ ವಾಟ್ಸಾಪ್ ಫೋಟೋಗಳು ಎಲ್ಲೂ ಸಿಗುವಂಥವಲ್ಲ. ನಡುವಿನ ದಿನಗಳ ಚಾಟ್ ಟೆಕ್ಸ್ಟ್ ಫೈಲಾಗಿಯೇ ಉಳಿಯಿತು, ಅತ್ತೆ ಅದನ್ನು ಇದುವರೆಗೆ ತೆರೆದು ನೋಡಿದ ಹಾಗಿಲ್ಲ.

ಹಳೇ ಫೋನ್ ಇನ್ನೂ ರೀಸೆಟ್ ಆಗಿಲ್ಲ. ಕಾರ್ಡ್ ಅದರೊಳಗೇ ಇದೆ. ನೋಟ್ಸ್ ಮುಗಿದ ದಿನ ಮೊದಲು ಅದರಿಂದ ಗೂಗಲ್ ಅಕೌಂಟ್ ತೆಗೆಯಬೇಕು, ಆಮೇಲೆ ಫ್ಯಾಕ್ಟರಿ ರೀಸೆಟ್. ರೀಸೆಟ್ ಆದ ಕೂಡಲೇ ಕಾರ್ಡಿನ ಕೀಲಿಯೂ ಹೋಗುತ್ತದೆ, ಅದರಲ್ಲಿದ್ದದ್ದು ಯಾರಿಗೂ ಸಿಗಲ್ಲ. ನಂತರ ಆ ಕಾರ್ಡನ್ನು ಪೋರ್ಟಬಲ್ ಆಗಿ ಫಾರ್ಮ್ಯಾಟ್ ಮಾಡಿ, ಕಂಪ್ಯೂಟರಿನಲ್ಲಿರುವ ಡಿಸೈನ್ ಫೋಟೋಗಳ ಇನ್ನೊಂದು ಪ್ರತಿ ಅದಕ್ಕೆ ಹಾಕಿಕೊಡು ಅಂತ ಮಗನಿಗೆ ಹೇಳಿ ಬಂದಿದ್ದೇನೆ.